ನಲವತ್ತು ದಾಟಿದ ಮೇಲೆ ಜೂನಿಯರ್: ಕೋಲಾರದಿಂದ ಸಂಗೀತ ಪರೀಕ್ಷೆ ಕಟ್ಟಿದ ಕಥೆ

ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆಯ ರಿಸಲ್ಟ್ ಬಂದಿದೆ, ಪಾಸಾಗಿದ್ದೇನೆ. ಅಂಕಪಟ್ಟಿ ಇನ್ನೂ ಕೈಗೆ ಸಿಕ್ಕಿಲ್ಲ. ಅಷ್ಟರಲ್ಲೇ ಗುರುತಿನವರು ಫೋನ್ ಮಾಡಿ, "ದೊಡ್ಡವರೂ ಕಟ್ಟಬಹುದಾ? ಥಿಯರಿ ತುಂಬಾ ಕಷ್ಟಾನಾ? ಖರ್ಚೆಷ್ಟು?" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುತ್ತಾ ಕೂರುವ ಬದಲು ಒಂದೇ ಸಲ ಬರೆದುಬಿಡುತ್ತೇನೆ. ನಾನು ಒದ್ದಾಡಿದ ಕಡೆ ನೀವೂ ಒದ್ದಾಡುವುದು ಬೇಡ.

ನನ್ನ ಕೆಲಸ ಕೋಲಾರದ ಎಪಿಎಂಸಿಯ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವುದು. ಬೆಳಿಗ್ಗೆ ಹರಾಜು, ಆಮೇಲೆ ರೈತರಿಗೆ ಪಟ್ಟಿ ಬರೆದು ದುಡ್ಡು ಕೊಡುವುದು. ಸಂಜೆ ಹೊತ್ತಿಗೆ ಗಂಟಲು ಅರ್ಧ ಕೂತಿರುತ್ತದೆ. ಮಗಳನ್ನು ಸಂಗೀತ ಪಾಠಕ್ಕೆ ಬಿಡಲು ಹೋಗಿ ಹೊರಗೆ ಜಗಲಿಯ ಮೇಲೆ ಕಾಯುತ್ತಾ ಇದ್ದವನನ್ನು ಮೇಡಂ ಒಂದು ದಿನ ಒಳಗೆ ಕರೆದು ಕೂರಿಸಿದರು. ಮಗಳು ಎಸ್ಸೆಸ್ಸೆಲ್ಸಿ ಅಂತ ಪಾಠ ಬಿಟ್ಟಳು. ನಾನು ಬಿಡಲಿಲ್ಲ.

ಕ್ಲಾಸಿನಲ್ಲಿ ಉಳಿದವರೆಲ್ಲ ಹೈಸ್ಕೂಲು, ಮಿಡ್ಲ್ ಸ್ಕೂಲು ಹುಡುಗಿಯರು. ನಾನು ಎಲ್ಲರಿಗೂ ಅಂಕಲ್. ಮಂಡಿಯಲ್ಲಿ ಹಮಾಲಿ ಹುಡುಗರು, "ಏನಣ್ಣಾ, ಸ್ಟೇಜ್ ಹತ್ತೋದು ಯಾವಾಗ?" ಅಂತ ಕಾಲೆಳೆಯುತ್ತಿದ್ದರು. ಮೊದಮೊದಲು ನಾಚಿಕೆ ಆಗುತ್ತಿತ್ತು. ಆಮೇಲೆ ಅಭ್ಯಾಸ ಆಯಿತು. ಪರೀಕ್ಷೆಗೆ ಕೂರುವ ಮಾತು ಬಂದಿದ್ದು ಗೀತೆಗಳು (ಆರಂಭದಲ್ಲಿ ಕಲಿಸುವ ಸಣ್ಣ ಹಾಡುಗಳು) ಮುಗಿದು ಅದರ ಮುಂದಿನ ಪಾಠ ಸ್ವರಜತಿ ಶುರುವಾದಾಗ. ಹಾಡುವುದಕ್ಕೆ ನನಗೆ ಹೆದರಿಕೆ ಇರಲಿಲ್ಲ, ಥಿಯರಿ ಅಂದಾಗಲೇ ಎದೆ ಧಸಕ್ಕೆಂದಿದ್ದು. ಪೆನ್ನು ಹಿಡಿದು ಪ್ರಬಂಧದ ಥರ ಬರೆದು ಎಷ್ಟು ವರ್ಷವಾಗಿತ್ತೋ!

ಅಂಗಡಿಯಿಂದ ಒಂದು ಗೈಡ್ ತಂದೆ. ನಾದ, ಶ್ರುತಿ, ಸ್ವರ, ಸ್ಥಾಯಿ, ಲಯ, ಆವರ್ತ, ಧಾತು, ಮಾತು ಅಂತ ಪುಟಗಟ್ಟಲೆ ವ್ಯಾಖ್ಯಾನ. ರಾತ್ರಿ ಬಾಯಿಪಾಠ ಮಾಡುವುದು, ಬೆಳಿಗ್ಗೆ ಹರಾಜಿನ ಗಲಾಟೆಯಲ್ಲಿ ಎಲ್ಲ ಮಾಯ. ಮೇಡಂ ಹತ್ತಿರ ಹೇಳಿಕೊಂಡೆ. ಅವರು ಗೈಡನ್ನು ಮುಚ್ಚಿ ಪಕ್ಕಕ್ಕಿಟ್ಟು, "ಬಾಯಲ್ಲಿ ಬಂದಿದ್ದನ್ನ ಮಾತ್ರ ಬರೀರಿ. ಹಾಡಿ ತೋರಿಸೋಕಾಗದ ವ್ಯಾಖ್ಯಾನ ನನ್ನ ಹತ್ತಿರ ತರಬೇಡಿ" ಅಂದರು. ಇಡೀ ಪರೀಕ್ಷೆಗೆ ನನಗೆ ಕೈಹಿಡಿದಿದ್ದು ಆ ಮಾತು. ಈಗ ನೀವು ಕೇಳಿದರೂ ನಾನು ಅದನ್ನೇ ಹೇಳುತ್ತೇನೆ.

ತಾಳವನ್ನೇ ನೋಡಿ. ಗೈಡಿನಲ್ಲಿ ಸಪ್ತತಾಳಗಳ ಪಟ್ಟಿ ಇದೆ: ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ. ಪಕ್ಕದಲ್ಲಿ ಗೀಟು, ಸೊನ್ನೆಗಳ ಚಿಹ್ನೆ. ಅದನ್ನು ಉರು ಹೊಡೆಯುವುದು ನನ್ನಿಂದ ಆಗಲಿಲ್ಲ. ಮೇಡಂ ಧ್ರುವ ತಾಳದ ಅಲಂಕಾರ, ಅಂದರೆ ಆ ತಾಳಕ್ಕೆ ಹೊಂದಿಸಿದ ಸ್ವರಗಳ ಅಭ್ಯಾಸ ಪಾಠ, ಹಾಡಿಸಿದರು: ಸರಿಗಮ, ಗರಿ, ಸರಿಗರಿ, ಸರಿಗಮ. "ಈಗ ಎಣಿಸಿ" ಅಂದರು. ನಾಲ್ಕು, ಎರಡು, ನಾಲ್ಕು, ನಾಲ್ಕು. ನಾಲ್ಕಕ್ಷರದ್ದು ಲಘು, ಎರಡಕ್ಷರದ್ದು ದ್ರುತ. ಅಂದರೆ ಲಘು, ದ್ರುತ, ಲಘು, ಲಘು. ಒಟ್ಟು 14 ಅಕ್ಷರ. ಮಠ್ಯಕ್ಕೆ ಸರಿಗರಿ, ಸರಿ, ಸರಿಗಮ: 10 ಅಕ್ಷರ. ರೂಪಕಕ್ಕೆ ಸರಿ, ಸರಿಗಮ: 6. ಅಲಂಕಾರ ಗೊತ್ತಿದ್ದರೆ ತಾಳದ ಪಟ್ಟಿಯನ್ನು ಬೇರೆ ಕಲಿಯಬೇಕಿಲ್ಲ. ಪರೀಕ್ಷೆ ಹಾಲಿನಲ್ಲಿ ನಾನು ಮಾಡಿದ್ದೂ ಇದನ್ನೇ. ಮನಸ್ಸಿನಲ್ಲಿ ಅಲಂಕಾರ ಹಾಡಿಕೊಂಡು, ಬೆಂಚಿನ ಕೆಳಗೆ ಬೆರಳು ಮಡಚಿ ಎಣಿಸಿ, ಚಿಹ್ನೆ ಹಾಕುತ್ತಾ ಹೋದೆ.

ತಾಳದ ಜಾತಿ ಬಂದಾಗ ಮಾತ್ರ ಸ್ವಲ್ಪ ತಲೆ ಕೆರೆದುಕೊಳ್ಳಬೇಕು. ಬದಲಾಗುವುದು ಲಘುವಿನ ಅಳತೆ ಮಾತ್ರ. ತಿಶ್ರಕ್ಕೆ 3, ಚತುರಶ್ರಕ್ಕೆ 4, ಖಂಡಕ್ಕೆ 5, ಮಿಶ್ರಕ್ಕೆ 7, ಸಂಕೀರ್ಣಕ್ಕೆ 9. ದ್ರುತ ಯಾವಾಗಲೂ 2, ಅನುದ್ರುತ 1. ಏಳು ತಾಳ, ಐದು ಜಾತಿ, 35 ತಾಳ. ನಾವೆಲ್ಲ ತೊಡೆ ತಟ್ಟಿ ಹಾಕುವ ಆದಿತಾಳ ಅಂದರೆ ಚತುರಶ್ರ ಜಾತಿ ತ್ರಿಪುಟ ತಾಳ: 4, 2, 2, ಒಟ್ಟು 8. ಬರೀ ತ್ರಿಪುಟ ಅಂತ ಕೇಳಿದರೆ ತಿಶ್ರ ಜಾತಿ ಅಂತ ತಗೊಳ್ಳಬೇಕು, ಆಗ 3, 2, 2, ಒಟ್ಟು 7. ಇಲ್ಲಿ ಹುಡುಗರು ಜಾಸ್ತಿ ಮಾರ್ಕ್ಸ್ ಕಳೆದುಕೊಳ್ಳುತ್ತಾರೆ ಅಂತ ಮೇಡಂ ಪದೇ ಪದೇ ಎಚ್ಚರಿಸುತ್ತಿದ್ದರು.

ಸ್ವರಸ್ಥಾನದ ಪಾಠ ಶುರುವಾದಾಗ ನನ್ನ ಲೆಕ್ಕದ ತಲೆ ಒಪ್ಪಲೇ ಇಲ್ಲ. ಸ್ಥಾನ 12, ಹೆಸರು 16 ಅಂದರೆ ಹೇಗೆ? ಕೊನೆಗೆ ಮಂಡಿಯ ಭಾಷೆಯಲ್ಲೇ ಅರ್ಥ ಮಾಡಿಕೊಂಡೆ. ಇರುವುದು 12 ಕ್ರೇಟು, ಅದರಲ್ಲಿ ನಾಲ್ಕಕ್ಕೆ ಎರಡೆರಡು ಚೀಟಿ ಅಂಟಿಸಿದ್ದಾರೆ. ಚತುಶ್ರುತಿ ಋಷಭ ಇರುವ ಜಾಗವೇ ಶುದ್ಧ ಗಾಂಧಾರ. ಷಟ್‌ಶ್ರುತಿ ಋಷಭದ ಜಾಗವೇ ಸಾಧಾರಣ ಗಾಂಧಾರ. ಮೇಲೆ ಧೈವತ, ನಿಷಾದಕ್ಕೂ ಹೀಗೇ: ಚತುಶ್ರುತಿ ಧೈವತ ಮತ್ತು ಶುದ್ಧ ನಿಷಾದ ಒಂದು, ಷಟ್‌ಶ್ರುತಿ ಧೈವತ ಮತ್ತು ಕೈಶಿಕಿ ನಿಷಾದ ಇನ್ನೊಂದು. ಷಡ್ಜಕ್ಕೂ ಪಂಚಮಕ್ಕೂ ಬೇರೆ ಬಗೆ ಇಲ್ಲ, ಅವು ಪ್ರಕೃತಿ ಸ್ವರಗಳು. ಮೇಡಂ ಹಾರ್ಮೋನಿಯಂ ಪೆಟ್ಟಿಗೆ ತಂದು ಒಂದೊಂದೇ ಮನೆ ಒತ್ತಿ ತೋರಿಸಿದ ಮೇಲೆ ಮತ್ತೆ ಮರೆಯಲಿಲ್ಲ. ಮನೆಯಲ್ಲಿ ಪೆಟ್ಟಿಗೆ ಇಲ್ಲದವರು ಮಕ್ಕಳ ಆಟದ ಕೀಬೋರ್ಡ್ ಆದರೂ ಹಿಡಿದು ನೋಡಿ.

ರಾಗಲಕ್ಷಣದಲ್ಲಿ ನಮಗೆ ಹೆಚ್ಚು ಕೆಲಸ ಕೊಟ್ಟಿದ್ದು ಮಾಯಾಮಾಳವಗೌಳ ಮತ್ತು ಮಲಹರಿ. ಮೊದಲ ಪಾಠವಾದ ಸರಳೆ ವರಸೆಯಿಂದ ಹಾಡಿದ್ದೇ ಮಾಯಾಮಾಳವಗೌಳ, 15ನೇ ಮೇಳಕರ್ತ, ಅಂದರೆ ಮೂಲ ರಾಗ. ಮಲಹರಿ ಅದರ ಜನ್ಯ, ಅದರಿಂದ ಹುಟ್ಟಿದ ರಾಗ. ಆರೋಹಣ ಸ ರಿ ಮ ಪ ದ ಸ, ಅವರೋಹಣ ಸ ದ ಪ ಮ ಗ ರಿ ಸ. ಹತ್ತುವಾಗ ಗಾಂಧಾರ ಇಲ್ಲ, ನಿಷಾದ ಎಲ್ಲೂ ಇಲ್ಲ. ಹಾಗಾಗಿ ಹತ್ತುವಾಗ ಐದು ಸ್ವರ, ಇಳಿಯುವಾಗ ಆರು, ಔಡವ ಷಾಡವ ರಾಗ. ಇದೇ ರಾಗದ ಗೀತೆ 'ಲಂಬೋದರ ಲಕುಮಿಕರ' ಹಾಡುವವರಿಗೆ ಇದು ಬಾಯಿಗೆ ಬಂದೇ ಇರುತ್ತದೆ, ಹೆಸರಿಡುವುದಷ್ಟೇ ಬಾಕಿ.

ಇಲ್ಲೊಂದು ಅಡ್ಡಮಾತು. ಮೇಳಕರ್ತ ರಾಗಗಳ ನಂಬರು ನೆನಪಿಡಲು ಕಟಪಯಾದಿ ಲೆಕ್ಕ ಇದೆ. ರಾಗದ ಹೆಸರಿನ ಮೊದಲ ಎರಡು ಅಕ್ಷರ ತಗೊಂಡು, ಅದರ ಅಂಕಿ ಬರೆದು, ತಿರುಗಿಸಬೇಕು. 'ಮಾಯಾ' ಅಂದರೆ ಪ ವರ್ಗದಲ್ಲಿ ಮ ಐದನೆಯದು, 5. ಯ ತನ್ನ ಸಾಲಿನಲ್ಲಿ ಮೊದಲನೆಯದು, 1. ಬಂದಿದ್ದು 51, ತಿರುಗಿಸಿದರೆ 15. ಖರಹರಪ್ರಿಯದಲ್ಲಿ ಖ 2, ರ 2, ಆದ್ದರಿಂದ 22. ಕಲ್ಯಾಣಿಗೆ ಮೇಚ, ಶಂಕರಾಭರಣಕ್ಕೆ ಧೀರ ಅಂತ ಮುಂದೆ ಸೇರಿಸಿರುವುದೂ ಈ ಲೆಕ್ಕ ಕೂಡಿಬರಲಿ ಅಂತ. ಆಗ 65, 29 ಸರಿಯಾಗಿ ಸಿಗುತ್ತದೆ. ಜೂನಿಯರ್‌ಗೆ ಇಷ್ಟು ಬೇಕಿಲ್ಲ ಅಂದರು ಮೇಡಂ. ನಾನು ಬಿಡಲಿಲ್ಲ. ಮಂಡಿಯಲ್ಲಿ ಬಿಡುವಾದಾಗ ಪಟ್ಟಿ ಪುಸ್ತಕದ ಹಿಂದೆ ಇದನ್ನೇ ಬರೆಯುತ್ತಾ ಕೂತಿದ್ದು ನೋಡಿ ಸಾಹುಕಾರ್ರು, "ಇದ್ಯಾವ ರೈತನ ಬಾಕೀನಯ್ಯಾ?" ಅಂದಿದ್ದರು.

ಇನ್ನು ವಾಗ್ಗೇಯಕಾರರ ಜೀವನ ಚರಿತ್ರೆ. ಸಾಹಿತ್ಯವನ್ನೂ ಅದರ ಸಂಗೀತವನ್ನೂ ತಾವೇ ರಚಿಸಿದವರು ವಾಗ್ಗೇಯಕಾರರು. ಇಲ್ಲಿ ಎಲ್ಲರ ತಕರಾರೂ ಇಸವಿಗಳದ್ದೇ. ಕರ್ನಾಟಕ ಸಂಗೀತದ ತ್ರಿಮೂರ್ತಿಗಳು ಮೂವರೂ ಹುಟ್ಟಿದ್ದು ತಮಿಳುನಾಡಿನ ತಿರುವಾರೂರಿನಲ್ಲಿ. ಹಿರಿಯರು ಶ್ಯಾಮಾಶಾಸ್ತ್ರಿಗಳು, 1762 ರಿಂದ 1827. ನಂತರ ತ್ಯಾಗರಾಜರು, 1767 ರಿಂದ 1847. ಕಿರಿಯರು ಮುತ್ತುಸ್ವಾಮಿ ದೀಕ್ಷಿತರು, 1835ರಲ್ಲಿ ಎಟ್ಟಯಪುರದಲ್ಲಿ ತೀರಿಕೊಂಡರು. ದೀಕ್ಷಿತರ ಹುಟ್ಟಿದ ವರ್ಷ ಒಂದು ಪುಸ್ತಕದಲ್ಲಿ 1775, ಇನ್ನೊಂದರಲ್ಲಿ 1776 ಇರುತ್ತದೆ. ಗಾಬರಿ ಬೀಳಬೇಡಿ. ನಿಮ್ಮ ಗುರುಗಳು ಯಾವುದು ಹೇಳಿದರೋ ಅದನ್ನೇ ಬರೆಯಿರಿ.

ಬರೀ ಇಸವಿ ನೆನಪಿಟ್ಟರೆ ಉತ್ತರ ಸೊರಗುತ್ತದೆ. ನಾನು ಒಬ್ಬೊಬ್ಬರಿಗೂ ನನಗೆ ಹತ್ತಿರದ್ದೊಂದನ್ನು ಹುಡುಕಿಕೊಂಡೆ. ದೀಕ್ಷಿತರು ಮೊದಲು ಹಾಡಿದರೆನ್ನುವ ಕೃತಿ ತಿರುತ್ತಣಿಯದ್ದು. ನಮ್ಮ ಕಡೆಯವರು ಆಡಿಕೃತ್ತಿಕೆಗೆ ಕಾವಡಿ ಹೊತ್ತು ಹೋಗುತ್ತಾರಲ್ಲ, ಅದೇ ತಿರುತ್ತಣಿ. ಆ ಕೃತಿಯ ರಾಗ ಮಾಯಾಮಾಳವಗೌಳ. ಸುಬ್ರಹ್ಮಣ್ಯನ ಕ್ಷೇತ್ರದಲ್ಲಿ ಶುರು ಮಾಡಿದವರ ಅಂಕಿತ 'ಗುರುಗುಹ' (ಗುಹ ಅಂದರೆ ಸುಬ್ರಹ್ಮಣ್ಯನೇ) ಆಗಿರುವುದನ್ನು ಮತ್ತೆ ಮರೆಯಲು ಹೇಗೆ ಸಾಧ್ಯ? ಶ್ಯಾಮಾಶಾಸ್ತ್ರಿಗಳ ಮನೆತನ ತಂಜಾವೂರಿನ ಬಂಗಾರು ಕಾಮಾಕ್ಷಿಯ ಪೂಜೆ ಮಾಡುತ್ತಿದ್ದವರು. ಅವರ ಅಂಕಿತ 'ಶ್ಯಾಮಕೃಷ್ಣ'. ಭೈರವಿ, ತೋಡಿ, ಯದುಕುಲಕಾಂಭೋಜಿ ರಾಗಗಳ ಸ್ವರಜತಿಗಳು ಅವರವು. ತ್ಯಾಗರಾಜರಂತೂ ನಮ್ಮ ಕೋಲಾರದವರಿಗೆ ಸುಲಭ. ಅರ್ಧ ಮನೆಗಳಲ್ಲಿ ತೆಲುಗು ಮಾತಾಡುವ ಊರು ನಮ್ಮದು, ಅವರ ಸಾಹಿತ್ಯ ಅಜ್ಜಿ ಮಾತಾಡಿದ ಹಾಗೆ ಕಿವಿಗೆ ಬೀಳುತ್ತದೆ. ಅವರ ಪಂಚರತ್ನ ಕೃತಿಗಳ ಐದು ರಾಗ, ನಾಟ, ಗೌಳ, ಆರಭಿ, ವರಾಳಿ, ಶ್ರೀ, ಇದೇ ಕ್ರಮದಲ್ಲಿ ಬರೆಯಿರಿ. ಐದೂ ಆದಿತಾಳ. ತಿರುವಯ್ಯಾರಿನಲ್ಲಿ ಅವರ ಸಮಾಧಿಗೆ ಗುಡಿ ಕಟ್ಟಿಸಿದವರು ಬೆಂಗಳೂರು ನಾಗರತ್ನಮ್ಮ ಅಂತ ಒಂದು ಸಾಲು ನಾನು ಸೇರಿಸಿದೆ, ನಮ್ಮ ಕಡೆಯ ಹೆಣ್ಣುಮಗಳು ಅನ್ನುವ ಅಭಿಮಾನಕ್ಕೆ.

ಆದರೆ ನನಗೆ ನಿಜವಾಗಿ ಖುಷಿ ಕೊಟ್ಟಿದ್ದು ಪುರಂದರದಾಸರ ಪಾಠ. 1484 ರಿಂದ 1564. ಸರಳೆ, ಜಂಟಿ, ಅಲಂಕಾರ, ಪಿಳ್ಳಾರಿ ಗೀತೆ ಅಂತ ಕಲಿಕೆಗೆ ಕ್ರಮ ಹಾಕಿಕೊಟ್ಟವರು, ಅದಕ್ಕೇ ಕರ್ನಾಟಕ ಸಂಗೀತ ಪಿತಾಮಹ. ದಾಸರಾಗುವ ಮುಂಚೆ ದೊಡ್ಡ ವ್ಯಾಪಾರಿ. ಮಂಡಿಯವನಿಗೆ ಇಷ್ಟವಾಗದೆ ಇರುತ್ತದಾ! ಅವರಿಗೆ ದೀಕ್ಷೆ ಕೊಟ್ಟವರು ವ್ಯಾಸರಾಯರು. ವ್ಯಾಸರಾಯರು ಓದಿದ್ದು ಶ್ರೀಪಾದರಾಜರ ಬಳಿ, ನಮ್ಮ ಮುಳಬಾಗಿಲಿನಲ್ಲಿ. ಶ್ರೀಪಾದರಾಜರ ಬೃಂದಾವನ ಇವತ್ತಿಗೂ ಮುಳಬಾಗಿಲು ಹತ್ತಿರದ ನರಸಿಂಹತೀರ್ಥದಲ್ಲಿದೆ. ಆ ದಾರಿಯಲ್ಲಿ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ, ಈ ಸಂಬಂಧ ಯಾರೂ ಹೇಳಿರಲಿಲ್ಲ. ಶ್ರೀಪಾದರಾಜರ ಅಂಕಿತ ರಂಗವಿಠಲ, ವ್ಯಾಸರಾಯರದ್ದು ಸಿರಿಕೃಷ್ಣ, ಪುರಂದರದಾಸರದ್ದು ಪುರಂದರವಿಠಲ. ಮೂರನ್ನೂ ಗುರುಪರಂಪರೆಯ ಸಾಲಿನಲ್ಲೇ ಬರೆದುಕೊಂಡರೆ ಸಾಕು. ಚಿಕ್ಕಬಳ್ಳಾಪುರ ಜಿಲ್ಲೆಯ ಓದುಗರು ಕೀರ್ತನೆಗಳನ್ನು ಬರೆದ ಕೈವಾರ ತಾತಯ್ಯನವರನ್ನೂ ಓದಿಕೊಳ್ಳಿ. ಪರೀಕ್ಷೆಗಲ್ಲ, ನಿಮಗೇ ಇರಲಿ.

ಪಾಠ ಒಂದು ಹದಕ್ಕೆ ಬರುವಾಗ ಅರ್ಜಿಯ ಕೊನೆ ದಿನ ಹತ್ತಿರ ಬಂತು. ಅದೂ ಮಂಡಿಗೆ ಮಾಲು ಸುರಿಯುತ್ತಿದ್ದ ವಾರ. ಮೊದಲು ಇದನ್ನು ತಿಳಿದುಕೊಳ್ಳಿ: ಪರೀಕ್ಷೆ ನಡೆಸುವವರು ನಡುವೆ ಬದಲಾಗಿದ್ದಾರೆ. ಹಳೇ ಗೈಡಿನಲ್ಲಿರುವ ವಿಳಾಸ, ಫಾರಂ, ಫೀಸು ಯಾವುದನ್ನೂ ನಂಬಬೇಡಿ. ಆ ವರ್ಷದ ಅಧಿಸೂಚನೆಯನ್ನೇ ನೋಡಿ.

ನನ್ನ ಅರ್ಜಿ ಸಿಕ್ಕಿಹಾಕಿಕೊಂಡಿದ್ದು ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್, ಆಧಾರ್‌ನಲ್ಲಿ ಹೆಸರಿನ ಹಿಂದೆ ಅಪ್ಪನ ಪೂರ್ತಿ ಹೆಸರು. ಒಂದು ಕಡೆ 'ಅಪ್ಪ' ಇದೆ, ಇನ್ನೊಂದು ಕಡೆ ಇಲ್ಲ. ಸೈಬರ್ ಸೆಂಟರ್ ಹುಡುಗ ಆಧಾರ್ ನೋಡಿ ಟೈಪ್ ಮಾಡಿದ. ದಾಖಲೆ ನೋಡುವ ಗುಮಾಸ್ತರು, "ಇಬ್ಬರೂ ಒಬ್ರೇ ಅಂತ ನಮಗೆ ಹೇಗ್ರೀ ಗೊತ್ತಾಗ್ಬೇಕು?" ಅಂದರು. ಕೋರ್ಟ್ ಹತ್ತಿರ ಹೋಗಿ ನೋಟರಿ ಮಾಡಿಸಿದ ಅಫಿಡವಿಟ್ ಕೊಟ್ಟ ಮೇಲೆ ಒಪ್ಪಿದರು. ಅರ್ಧ ದಿನದ ಕೆಲಸ ಹೋಯಿತು, ಬೈಗುಳವೂ ಬಿತ್ತು. ನಲವತ್ತು ದಾಟಿದವರ ದಾಖಲೆಗಳಲ್ಲಿ ಈ ತೊಂದರೆ ಇದ್ದೇ ಇರುತ್ತದೆ. ಅರ್ಜಿ ಬಿಡುವ ಮುಂಚೆಯೇ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಕೊಳ್ಳಿ. ಫೋಟೋ, ಸಹಿಯನ್ನು ಮೊಬೈಲಿನಲ್ಲಿ ತಯಾರು ಇಟ್ಟುಕೊಂಡು ಹೋಗಿ. ದುಡ್ಡು ಕಟ್ಟಿದ ರಸೀದಿಯನ್ನು ಪ್ರಿಂಟ್ ತೆಗೆಸಿಡಿ.

ಆಮೇಲೆ ಶುರುವಾಯಿತು ಕಾಯುವುದು. ಹಾಲ್ ಟಿಕೆಟ್ ಇವತ್ತು ಬರುತ್ತೆ, ನಾಳೆ ಬರುತ್ತೆ. ಮುಂದಕ್ಕೆ ಹೋಗಿದೆ ಅಂತ ವಾಟ್ಸಾಪಿನಲ್ಲಿ ಒಬ್ಬರು, ಇಲ್ಲ ಅಂತ ಇನ್ನೊಬ್ಬರು. ಕ್ಲಾಸಿನ ಹುಡುಗಿಯರು ಆರಾಮಾಗಿದ್ದರು, ನನಗೇ ನಿದ್ದೆ ಬರುತ್ತಿರಲಿಲ್ಲ. ಪರೀಕ್ಷೆಗೆ ಸ್ವಲ್ಪವೇ ದಿನ ಇದೆ ಅನ್ನುವಾಗ ಬಂತು. ಸೆಂಟರ್ ಬೆಂಗಳೂರು.

ಕೋಲಾರದಿಂದ ಬಸ್ಸಿನಲ್ಲಿ ಹೋಗುವವರಿಗೆ ಒಂದು ಮಾತು. ನರಸಾಪುರ, ಹೊಸಕೋಟೆವರೆಗೆ ಸಲೀಸು, ಅಲ್ಲಿಂದ ಮುಂದೆ ಟ್ರಾಫಿಕ್ಕಿನ ದಯೆ. ಮೆಜೆಸ್ಟಿಕ್‌ವರೆಗೂ ಬಸ್ಸಿನಲ್ಲೇ ಕೂರಬೇಡಿ. ಕೆ.ಆರ್.ಪುರದಲ್ಲಿ ಇಳಿದು ಮೆಟ್ರೋ ಹತ್ತಿ.

ಥಿಯರಿ ಪೇಪರ್ ಸುಲಭ ಇತ್ತು ಅಂತ ಹೇಳಲಾರೆ, ಆದರೆ ಹೊರಗಿನದ್ದು ಏನೂ ಇರಲಿಲ್ಲ. ವ್ಯಾಖ್ಯಾನಗಳು, ತಾಳದ ಅಂಗಗಳು, ರಾಗಲಕ್ಷಣ, ಒಬ್ಬ ವಾಗ್ಗೇಯಕಾರರ ಜೀವನ, ಒಂದು ಗೀತೆಯನ್ನು ಸ್ವರ ಸಾಹಿತ್ಯದ ಸಮೇತ ಬರೆಯುವುದು. ಸಮಯ ನುಂಗುವುದು ಆ ಕೊನೆಯದ್ದು. ತಾಳದ ಗೀಟುಗಳನ್ನು ಸ್ಕೇಲ್ ಇಟ್ಟು ಮೊದಲೇ ಹಾಕಿಕೊಂಡು, ಮೇಲೆ ಸ್ವರ, ಕೆಳಗೆ ಸಾಹಿತ್ಯ ತುಂಬಿ. ತಾರಸ್ಥಾಯಿಗೆ ಮೇಲೆ ಚುಕ್ಕೆ, ಮಂದ್ರಕ್ಕೆ ಕೆಳಗೆ. ಈ ಚುಕ್ಕೆಗಳು ಬಿಟ್ಟುಹೋದರೆ ಮಾರ್ಕ್ಸ್ ಕಟ್. ಬರೆದು ಬರೆದು ಬೆರಳು ನೋಯುತ್ತಿತ್ತು. ಪಕ್ಕದ ಬೆಂಚಿನ ಪುಟ್ಟ ಹುಡುಗಿ ಅಡಿಷನಲ್ ಶೀಟ್ ಮೇಲೆ ಅಡಿಷನಲ್ ಶೀಟ್ ತಗೊಳ್ಳುತ್ತಿದ್ದಳು. ಅವಳನ್ನು ನೋಡಿ ಎದೆ ಬಡಿತ ಜಾಸ್ತಿ ಆಯಿತು, ಅಷ್ಟೇ.

ಪ್ರಾಯೋಗಿಕ ಪರೀಕ್ಷೆ ಬೇರೆ ದಿನ. ಅಲ್ಲಿ ಯಾರೂ ಹೇಳದೆ ಇದ್ದ ತೊಡಕು ಎದುರಾಯಿತು. ಮೊಬೈಲ್ ಹೊರಗಿಡಿ ಅಂದರು. ನಾವೆಲ್ಲ ಮನೆಯಲ್ಲಿ ಅಭ್ಯಾಸ ಮಾಡುವುದು ಮೊಬೈಲಿನ ತಂಬೂರಿ ಆ್ಯಪ್‌ನಲ್ಲಿ. ಒಳಗೆ ಒಂದು ಶ್ರುತಿ ಪೆಟ್ಟಿಗೆ ಇತ್ತು, ಬೆಳಿಗ್ಗೆಯಿಂದ ಹುಡುಗಿಯರಿಗೆ ಅಂತ ಐದು ಮನೆಗೆ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯ ಎತ್ತರಕ್ಕೆ, ಕೂರಿಸಿದ್ದು. ನನ್ನ ಶ್ರುತಿ ಒಂದು ಮನೆ. ಐದರಲ್ಲಿ ನಾನು ಪಂಚಮ ದಾಟಿದರೆ ಹರಾಜು ಕೂಗಿದಂತೆ ಕೇಳುತ್ತದೆ. "ಒಂದು ಮನೆಗೆ ಇಡ್ತೀರಾ ಸರ್" ಅಂತ ಕೇಳಿದೆ. ಅದರ ಗುಂಡಿ ತಿರುಗಿಸಿದರೆ ಸದ್ದೇ ನಿಂತುಹೋಯಿತು. ಪುಣ್ಯಕ್ಕೆ ಮೇಡಂ ತಮ್ಮ ಪೆಟ್ಟಿಗೆ ಕೊಟ್ಟು ಕಳಿಸಿದ್ದರು, ಚೀಲದಲ್ಲಿತ್ತು. ದೊಡ್ಡ ಗಂಡಸರು ಪರೀಕ್ಷೆಗೆ ಹೋಗುವುದಾದರೆ ನಿಮ್ಮ ಶ್ರುತಿ ಎಷ್ಟು ಮನೆ ಅಂತ ತಿಳಿದಿರಲಿ, ಕೈಯಲ್ಲಿ ಪೆಟ್ಟಿಗೆಯೂ ಇರಲಿ.

ಇಬ್ಬರು ಪರೀಕ್ಷಕರಿದ್ದರು. ರೂಪಕ ತಾಳದ ಅಲಂಕಾರ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಕೇಳಿದರು. ಇಲ್ಲಿ ಕೈ ಓಡಬಾರದು. ಕೈಯ ವೇಗ ಮೊದಲಿನದ್ದೇ, ಒಂದು ಅಕ್ಷರಕ್ಕೆ ಒಂದು ಸ್ವರ ಇದ್ದದ್ದು ಎರಡಾಗಬೇಕು, ಆಮೇಲೆ ನಾಲ್ಕು. ಆರಂಭದಲ್ಲೇ ಆತುರ ಬಿದ್ದು ಶುರು ಮಾಡಿದರೆ ಮೂರನೇ ಕಾಲದಲ್ಲಿ ನಾಲಿಗೆ ತೊಡರುತ್ತದೆ, ಅದಕ್ಕೆ ಮೊದಲನೇ ಕಾಲ ಬೇಕಂತಲೇ ನಿಧಾನ ಇಡಿ. ಒಂದು ಗೀತೆ, ವರ್ಣದ ಪಲ್ಲವಿ ಅನುಪಲ್ಲವಿ, ಒಂದು ದೇವರನಾಮ ಹಾಡಿಸಿದರು. ನಡುವೆ ಗಂಟಲು ಕಟ್ಟಿತು. ಹಿರಿಯ ಪರೀಕ್ಷಕರು, "ನೀರು ಕುಡೀರಿ, ಅವಸರ ಇಲ್ಲ" ಅಂದರು. ಏನು ಕೆಲಸ ಮಾಡ್ತೀರಿ ಅಂತ ಕೇಳಿದರು, ಹೇಳಿದೆ. ಟೊಮೆಟೊ ರೇಟ್ ಎಷ್ಟಿದೆ ಅಂತಲೂ ಕೇಳಿದರು. ಆಮೇಲೆ ಹಾಡಿದ್ದು ಚೆನ್ನಾಗಿ ಬಂತು.

ಖರ್ಚಿನ ಲೆಕ್ಕ ಕೇಳಿದವರಿಗೆ: ಪಾಠದ ಫೀಸು ತಿಂಗಳಿಗೆ 600 ರೂಪಾಯಿ. ಅಫಿಡವಿಟ್‌ಗೆ 400. ಗೈಡ್, ಸೈಬರ್, ಝೆರಾಕ್ಸ್ ಎಲ್ಲ ಸೇರಿ ಇನ್ನೊಂದು ಐನೂರು. ಪರೀಕ್ಷೆ ಮುಗಿದ ಮೇಲೆ ನಾನೇ ಒಂದು ಶ್ರುತಿ ಪೆಟ್ಟಿಗೆ ಕೊಂಡೆ, 3,200 ಆಯಿತು. ಪರೀಕ್ಷಾ ಶುಲ್ಕ ಬದಲಾಗುತ್ತಿರುತ್ತದೆ, ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ಬೆಂಗಳೂರಿಗೆ ಹೋಗಿ ಬರುವ ಖರ್ಚು, ಆ ದಿನಗಳ ಕೂಲಿ ಬೇರೆ.

ಅಂಕಪಟ್ಟಿ ಬಂದಾಗ ಮೊದಲು ಹೆಸರು, ಅಪ್ಪನ ಹೆಸರು ನೋಡಿ. ಸೀನಿಯರ್‌ಗೆ ಕಟ್ಟುವಾಗ ಅದನ್ನು ಕೇಳುತ್ತಾರೆ ಅಂತ ಮೇಡಂ ಹೇಳಿದ್ದಾರೆ, ಅಫಿಡವಿಟ್ಟನ್ನು ನಾನು ಇನ್ನೂ ಎಸೆದಿಲ್ಲ. ಗೈಡು, ನೋಟ್ಸು ಬೇಕಾದ ಕೋಲಾರದವರು ಹರಾಜು ಮುಗಿದ ಮೇಲೆ ಮಂಡಿ ಕಡೆ ಬಂದು ಝೆರಾಕ್ಸ್ ಮಾಡಿಸಿಕೊಳ್ಳಬಹುದು. ಗೈಡಿನಲ್ಲಿ ಪೆನ್ಸಿಲಿನಿಂದ ಗೀಚಿರುವುದು ಮೇಡಂ ತಿದ್ದಿದ್ದು. ಅಚ್ಚಾಗಿರುವುದಕ್ಕೂ ಅದಕ್ಕೂ ವ್ಯತ್ಯಾಸ ಕಂಡರೆ ಪೆನ್ಸಿಲನ್ನೇ ನಂಬಿ.